ಲ್ಯಾಟಿನ್ ಅಕ್ಷರದ ಶಿಲುಬೆ ಬೇಡವೆಂದ ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ಮಾರ್ಗದಲ್ಲಿ ದೌಂಡ್ ಜಂಕ್ಷನ್ ದಾಟಿದ ಮೇಲೆ ಕೇಡಗಾಂವ ಎಂಬ ಚಿಕ್ಕ ಸ್ಟೇಷನ್ ಇದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯ ನಮ್ಮ ಜನ ದವಾಖಾನೆಗೆಂದು, ನೌಕರಿಗೆಂದು, ಮಕ್ಕಳ ಕಾಲೇಜಿಗೆಂದು ಪುಣೆಗೆ ಹೋಗುವಾಗ ಈ ಊರನ್ನು ದಾಟಿಯೇ ಹೋಗುತ್ತಾರೆ. ನಾನೂ ಎಷ್ಟೋ ವರ್ಷ ಕಿಟಕಿಯಿಂದ ಹಾಗೇ ನೋಡಿ ಮುಂದೆ ಹೋದವನು. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಹೆಣ್ಣುಮಗಳು ಹುಟ್ಟಿದ್ದು ಕನ್ನಡ ನಾಡಿನ ಘಟ್ಟದ ಕಾಡಿನಲ್ಲಿ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬಿ.ಎ. ಓದುವಾಗ ಪಂಡಿತಾ ರಮಾಬಾಯಿ ಎಂದರೆ ಸಮಾಜ ಸುಧಾರಕರ ಪಟ್ಟಿಯಲ್ಲಿ ಒಂದು ಹೆಸರು, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಅಷ್ಟೇ.

ಹಿಂದೂ ಸಮಾಜದ ವಿಧವೆಯರಿಗಾಗಿ ದುಡಿದವರು, ಕ್ರೈಸ್ತ ಮತ ಸೇರಿದವರು ಎಂಬ ಎರಡು ಮಾತು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಆದರೆ ಮತ ಸೇರಿದ ಮೇಲೆ ತಮ್ಮ ಸಭೆಯ ಹಿರಿಯರೊಡನೆ ಅವರು ವರ್ಷಗಟ್ಟಲೆ ವಾದ ಮಾಡಿದ ಕಥೆ ನಮ್ಮ ಕಡೆ ಹೆಚ್ಚು ಜನರಿಗೆ ಗೊತ್ತಿಲ್ಲ. ದೇವರ ಬಗ್ಗೆ ಏನನ್ನು ನಂಬಬೇಕು ಎಂದು ಪಾದ್ರಿಗಳು ಬರೆದಿಟ್ಟ ಸೂತ್ರಗಳು ಒಂದು ಕಡೆ, ಹಸಿದು ಬಂದ ಹೆಂಗಸಿಗೆ ಏನು ಮಾಡಬೇಕು ಎಂಬ ಪ್ರಶ್ನೆ ಇನ್ನೊಂದು ಕಡೆ. ಇವೆರಡರ ನಡುವೆಯೇ ಅವರ ಅರ್ಧ ಆಯುಷ್ಯ ಕಳೆಯಿತು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ಬಳಿಯ ಮಾಳ ಊರಿನ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಓದುವಾಗ ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ಹಟ ತೊಟ್ಟವರು. ಮೊದಲ ಹೆಂಡತಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ಸಾಗಲಿಲ್ಲ. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿಯೇ ಬಿಟ್ಟರು. ಹೆಂಗಸಿಗೆ ದೇವಭಾಷೆ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರ ತೋರಿಸಿ ಶಾಸ್ತ್ರಿಗಳು ಗೆದ್ದು ಬಂದರು. ಆಮೇಲೆ ಊರಿನ ಗೊಡವೆಯೇ ಬೇಡವೆಂದು ಈಗಿನ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿಕೊಂಡರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಬೆಟ್ಟದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು.

ಗಂಗಾಮೂಲದ ಮನೆಗೆ ವಿದ್ಯಾರ್ಥಿಗಳು, ಯಾತ್ರಿಕರು ಬರುತ್ತಲೇ ಇದ್ದರು. ಊಟ ಹಾಕಿ ಹಾಕಿ ಮನೆ ಬರಿದಾಯಿತು. ಕೂಸಿಗೆ ಆರು ತಿಂಗಳಾದಾಗ ಕುಟುಂಬ ಮನೆ ಬಿಟ್ಟು ಯಾತ್ರೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ರಮಾಳನ್ನು ಒಬ್ಬ ಆಳು ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಅಲ್ಲಿಂದ ಹದಿನೈದು ವರ್ಷಕ್ಕೂ ಮೇಲೆ ನಿಂತ ನೆಲೆ ಇಲ್ಲ. ಗುಡಿಗಳಲ್ಲಿ, ಘಾಟುಗಳಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟ ದಕ್ಷಿಣೆಯಲ್ಲಿ ಬದುಕುವುದು. ತಾಯಿ ನಸುಕಿನಲ್ಲಿ ಎಬ್ಬಿಸಿ ಪಾಠ ಹೇಳುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಮಗಳ ಬಾಯಲ್ಲಿದ್ದವು. ಮನೆಮಾತು ಮರಾಠಿ. ಊರೂರು ತಿರುಗುವಾಗ ಕನ್ನಡ, ಹಿಂದುಸ್ತಾನಿ, ಮುಂದೆ ಬಂಗಾಲಿ ಕೂಡ ಬಂದವು. ಎರಡು ಮಾತಿನ ನಡುವೆ ಬೆಳೆಯುವುದು ಎಂದರೇನು ಎಂದು ನಮ್ಮ ಗಡಿ ಊರುಗಳ ಜನಕ್ಕೆ ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ ಬರ ಬಂತು. ಕೈಲಿದ್ದ ಹಣವನ್ನು ದೇವರು ಒಲಿಯಲೆಂದು ದಾನ ಧರ್ಮ, ವ್ರತಗಳಿಗೆ ಕೊಟ್ಟು ಮುಗಿಸಿದರು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮನಸ್ಸಿಲ್ಲ. ಕಾಡಿನ ಎಲೆ, ಕಾಡು ಹಣ್ಣು ತಿಂದು ದಿನ ನೂಕಿದರು. 1874ರಲ್ಲಿ ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ತಾಯಿಯ ಹೆಣ ಹೊರಲು ಸಾಕಷ್ಟು ಜನ ಸಿಗದೆ ರಮಾಬಾಯಿಯೇ ಹೆಗಲು ಕೊಡಬೇಕಾಯಿತು. ಗಿಡ್ಡಾಗಿದ್ದ ಅವರ ಹೆಗಲು ಚಟ್ಟಕ್ಕೆ ಎಟುಕದೆ ತಲೆಯ ಮೇಲೆ ಹೊತ್ತರು. ಸ್ಮಶಾನ ಮೂರು ಮೈಲಿ ದೂರ.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ತಂಗಿ. ಇಬ್ಬರೂ ನಡೆದೇ ಉತ್ತರಕ್ಕೆ ಹೋದರು. ಪಂಜಾಬದ ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಗುಂಡಿ ತೋಡಿ, ಕುತ್ತಿಗೆ ತನಕ ಒಣ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದನ್ನು ಅವರು ಮುಂದೆ ಬರೆದಿದ್ದಾರೆ. ಈ ಬರದ ದಿನಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇಪ್ಪತ್ತು ವರ್ಷದ ನಂತರ ಅವರು ಮಾಡಿದ ದೊಡ್ಡ ಕೆಲಸದ ಬೇರು ಇಲ್ಲಿಯೇ ಇದೆ.

1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು. ಕ್ರೈಸ್ತರನ್ನು ಅವರು ಹತ್ತಿರದಿಂದ ಕಂಡದ್ದೂ ಅಲ್ಲಿಯೇ. ಒಂದು ಕೂಟಕ್ಕೆ ಅಣ್ಣ ತಂಗಿಯನ್ನು ಕರೆದಿದ್ದರು. ಜನ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದ್ದು ನೋಡಿ, ಇವರು ಕುರ್ಚಿಯನ್ನೇ ಪೂಜೆ ಮಾಡುವವರು ಎಂದುಕೊಂಡರಂತೆ! ಹೊರಡುವಾಗ ಅವರ ಕೈಗೆ ಸಂಸ್ಕೃತ ಬೈಬಲ್ ಒಂದನ್ನು ಕೊಟ್ಟರು. ಹದಿನೆಂಟು ಸಾವಿರ ಶ್ಲೋಕ ಬಲ್ಲ ಪಂಡಿತೆಗೆ ಆ ಸಂಸ್ಕೃತ ತಲೆಗೆ ಹತ್ತಲಿಲ್ಲ. ಇದನ್ನು ಓದುವುದು ಹೊತ್ತು ಕಳೆಯುವ ಕೆಲಸ ಎಂದು ಪಕ್ಕಕ್ಕೆ ಇಟ್ಟರು. ಈ ಪುಸ್ತಕದ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಜಾತಿ ಮೀರಿ ಬಂಗಾಲಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿ ಅವರನ್ನು ರಿಜಿಸ್ಟರ್ ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆಗೆ ಗಂಡ ಬಲಿಯಾದರು. ಇಪ್ಪತ್ಮೂರನೆಯ ವಯಸ್ಸಿಗೆ ವಿಧವೆ, ಕಂಕುಳಲ್ಲಿ ಕೂಸು. ಸಿಲ್ಚಾರಿನ ಮನೆಯಲ್ಲಿ ಬಂಗಾಲಿ ಭಾಷೆಯ ಲೂಕನ ಸುವಾರ್ತೆಯ ಪುಟ್ಟ ಪುಸ್ತಕವೊಂದು ಅವರ ಕೈಗೆ ಸಿಕ್ಕಿತ್ತು. ಆ ಬಂಗಾಲಿ ಮಾತ್ರ ಅವರಿಗೆ ಅರ್ಥವಾಯಿತು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕಿಯರು, ಹೆಣ್ಣು ಡಾಕ್ಟರರು ಬೇಕು ಎಂದು ಕೇಳಿದರು. ತಾವೂ ಡಾಕ್ಟರಿಕೆ ಕಲಿಯಬೇಕೆಂಬ ಆಸೆ. ಅದಕ್ಕಾಗಿ 1883ರಲ್ಲಿ ಮಗಳನ್ನೂ ಗೆಳತಿ ಆನಂದೀಬಾಯಿ ಭಗತ್ ಅವರನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಊರಿನ ಸಂತ ಮೇರಿ ಕನ್ಯಾಮಠದ ಸಿಸ್ಟರುಗಳು ಇರಲು ಜಾಗ ಕೊಟ್ಟರು. ಆದರೆ ಕಿವಿ ಮಂದವಾಗಿದ್ದ ಕಾರಣ ವೈದ್ಯ ವಿದ್ಯೆಯ ಆಸೆ ಕೈಬಿಡಬೇಕಾಯಿತು. ಗೆಳತಿ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಅದಾದ ಸ್ವಲ್ಪ ದಿನಕ್ಕೆ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಪುಣೆಯಲ್ಲಿ ಅವರನ್ನು ಹೊಗಳಿದ ಪತ್ರಿಕೆಗಳೇ ಈಗ ಬೈಯತೊಡಗಿದವು.

ಅವರು ಏಕೆ ಕ್ರೈಸ್ತರಾದರು? ವಾದದ ಕಡೆಯಿಂದ ಅವರನ್ನು ಒಪ್ಪಿಸಿದವರು ಮತ್ತೊಬ್ಬ ಚಿತ್ಪಾವನ ಪಂಡಿತ, ಕ್ರೈಸ್ತ ಪಾದ್ರಿಯಾಗಿದ್ದ ನೆಹೆಮಿಯಾ ನೀಲಕಂಠ ಗೋರೆ. ಆದರೆ ಮನಸ್ಸು ತಿರುಗಿದ್ದು ಬೇರೆ ಕಡೆ ಎಂದು ರಮಾಬಾಯಿಯೇ ಬರೆದಿದ್ದಾರೆ. ಲಂಡನ್ನಿನ ಫುಲ್ಹಮ್‌ನಲ್ಲಿ ವಾಂಟೇಜ್ ಸಿಸ್ಟರುಗಳು ದಾರಿ ತಪ್ಪಿದವರೆಂದು ಸಮಾಜ ಹೊರಗೆ ಹಾಕಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥ ಹೆಂಗಸರನ್ನು ಕರುಣೆಯಿಂದ ನೋಡಿಕೊಳ್ಳುವುದನ್ನು ಅವರು ಹಿಂದೆ ಎಲ್ಲಿಯೂ ಕಂಡಿರಲಿಲ್ಲ. ಇವರಿಗೆ ಇದನ್ನು ಮಾಡಲು ಹೇಳಿದವರು ಯಾರು ಎಂದು ಕೇಳಿದಾಗ, ಸಿಸ್ಟರೊಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು, ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ ಓದಿ ತೋರಿಸಿದರು. ರಮಾಬಾಯಿ ಮೊದಲು ಕಂಡದ್ದು ಕೆಲಸ, ಆಮೇಲೆ ಓದಿದ್ದು ಗ್ರಂಥ. ಈ ಕ್ರಮ ಅವರಲ್ಲಿ ಕೊನೆಯವರೆಗೂ ಬದಲಾಗಲಿಲ್ಲ.

ತಕರಾರು ಶುರುವಾದದ್ದು ಆಮೇಲೆ. 1884ರಲ್ಲಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿಗೆ ಓದಲು, ಸಂಸ್ಕೃತ ಕಲಿಸಲು ಹೋದರು. ಭಾರತಕ್ಕೆ ಹೋಗಲಿರುವ ಇಂಗ್ಲಿಷ್ ಗಂಡಸರಿಗೂ ಅವರು ಪಾಠ ಹೇಳಲಿ ಎಂಬ ಸೂಚನೆ ಬಂದಾಗ, ಮುಂಬಯಿ ಮತ್ತು ಲಾಹೋರಿನ ಬಿಷಪ್ಪರು ಕೂಡದು ಎಂದರು. ಹೆಂಗಸು ಗಂಡಸರಿಗೆ ಕಲಿಸಿದರೆ ಭಾರತದಲ್ಲಿ ಅವರ ಹೆಸರು ಕೆಡುತ್ತದೆ ಎಂಬುದು ಅವರ ವಾದ. ಕಲ್ಕತ್ತೆಯಿಂದ ಪುಣೆಯವರೆಗೆ ಗಂಡಸರ ಸಭೆಗಳಲ್ಲಿಯೇ ಭಾಷಣ ಮಾಡಿದ್ದ ಪಂಡಿತೆಗೆ ಸಿಟ್ಟು ಬಂದದ್ದು ಸಹಜ. ಉಡುಪಿಯ ಪಂಡಿತರ ಸಭೆಯಿಂದ ತಂದೆ ಬಿಡಿಸಿಕೊಂಡು ಬಂದ ಕಟ್ಟು, ಮಗಳಿಗೆ ಇಂಗ್ಲೆಂಡಿನಲ್ಲಿ ಬೇರೆ ವೇಷದಲ್ಲಿ ಎದುರಾಯಿತು.

ಅದಕ್ಕಿಂತ ದೊಡ್ಡ ಜಗಳ ನಂಬಿಕೆಯ ಸೂತ್ರಗಳದ್ದು. ಅವರಿಗೆ ಧರ್ಮಮಾತೆಯಾಗಿದ್ದವರು ಸಿಸ್ಟರ್ ಜೆರಾಲ್ಡಿನ್. ರಮಾಬಾಯಿ ಅವರನ್ನು ಮರಾಠಿಯಲ್ಲಿ ಆಜೀಬಾಯಿ, ಅಂದರೆ ಅಜ್ಜಿ ಎಂದೇ ಕರೆಯುತ್ತಿದ್ದರು. ಪ್ರೀತಿ ಇತ್ತು, ಹಾಗೆಂದು ಜಗಳ ಕಡಿಮೆಯಾಗಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿತ್ವದ ಸಿದ್ಧಾಂತವನ್ನು ಆಂಗ್ಲಿಕನ್ ಸಭೆ ಹೇಳುವ ರೀತಿಯಲ್ಲಿ ಒಪ್ಪಲು ರಮಾಬಾಯಿಗೆ ಆಗಲಿಲ್ಲ. ಯೇಸುವಿನ ಜನನದ ಪವಾಡದ ಬಗ್ಗೆಯೂ ಅನುಮಾನ. ಅಥನಾಸಿಯಸ್ ಹೆಸರಿನ ವಿಶ್ವಾಸ ಪ್ರಮಾಣ, ಅದನ್ನು ಹಾಗೆಯೇ ನಂಬದವರಿಗೆ ಮುಕ್ತಿ ಇಲ್ಲ ಎನ್ನುತ್ತದೆ. ಅದು ಅವರಿಗೆ ಸ್ವಲ್ಪವೂ ಸೇರಲಿಲ್ಲ. ಒಂದೇ ಬೈಬಲ್ ಹಿಡಿದು ಇಷ್ಟು ಪಂಗಡಗಳು ಹೊಡೆದಾಡುವಾಗ ತಮಗೆ ಗೊತ್ತಾಗದ ಮಾತನ್ನು ಬಾಯಿಪಾಠವಾಗಿ ಏಕೆ ಹೇಳಬೇಕು ಎಂದು ಕೇಳಿದರು. ಪುರೋಹಿತರ ಮಾತು ಕೇಳುವ ಬಂಧನದಿಂದ ಒಮ್ಮೆ ಹೊರಗೆ ಬಂದವರು, ಮತ್ತೊಂದು ಪುರೋಹಿತಶಾಹಿಗೆ ತಲೆ ಬಗ್ಗಿಸಲು ಸಿದ್ಧರಿರಲಿಲ್ಲ. ಸಿಸ್ಟರ್ ಜೆರಾಲ್ಡಿನ್‌ಗೆ ಇದು ವಿದ್ಯೆಯ ಸೊಕ್ಕು ಎಂದು ಕಂಡಿತು. ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಮಾತ್ರ ಹೆಚ್ಚು ತಾಳ್ಮೆಯಿಂದ, ಸರಿಸಮಾನಳೊಡನೆ ಮಾತಾಡುವ ರೀತಿಯಲ್ಲಿ ಕಾಗದ ಬರೆದು ಚರ್ಚೆ ಮಾಡಿದರು.

ಸಣ್ಣ ಸಂಗತಿಗಳೂ ಇದರಲ್ಲಿ ಸೇರಿಕೊಂಡವು. ರಮಾಬಾಯಿ ಮಾಂಸ ತಿನ್ನುತ್ತಿರಲಿಲ್ಲ, ಮೊಟ್ಟೆ ಹಾಕಿದ ಸಿಹಿಯನ್ನೂ ಮುಟ್ಟುತ್ತಿರಲಿಲ್ಲ. ಸಿಸ್ಟರಿಗೆ ಇದು ಇನ್ನೂ ಹೋಗದ ಜಾತಿಯ ಅಭಿಮಾನ. ರಮಾಬಾಯಿಗೆ ಹಸಿವಿಗೂ ನಾಲಿಗೆಗೂ ಸಂಬಂಧಪಟ್ಟ ಸ್ವಂತ ವಿಷಯ. ಇನ್ನೊಂದು ಶಿಲುಬೆಯ ಸಂಗತಿ. ಮಠದವರು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಇತ್ತು. ತಮಗೂ ತಮ್ಮ ದೇಶದ ಹೆಂಗಸರಿಗೂ ಅರ್ಥವಾಗದ ಭಾಷೆಯ ಬರಹ ಏಕೆ, ಸಂಸ್ಕೃತದಲ್ಲಿ ಇರಲಿ ಎಂದರು ರಮಾಬಾಯಿ. ಮನೋರಮಾಳಿಗೆ ಏನು ಕಲಿಸಬೇಕು ಎಂಬುದರ ಮೇಲೂ ಕಾಗದಗಳ ಸುರಿಮಳೆ. ಮಠದ ಶಾಲೆಯಲ್ಲಿ ಇರುವ ನಾಲ್ಕು ವರ್ಷದ ಮಗುವಿಗೆ ತನಗೇ ಅರ್ಥವಾಗದ ಸಿದ್ಧಾಂತವನ್ನು ಕಲಿಸುವುದು ಬೇಡ ಎಂಬುದು ತಾಯಿಯ ಪಟ್ಟು.

ಈ ಕಾಗದಗಳನ್ನು ಸಿಸ್ಟರ್ ಜೆರಾಲ್ಡಿನ್ ಜೋಪಾನವಾಗಿ ಸೇರಿಸಿ ಇಟ್ಟಿದ್ದರು. 1977ರಲ್ಲಿ ಮುಂಬಯಿಯಿಂದ ಅವು ಪುಸ್ತಕವಾಗಿ ಬಂದವು. ಇವುಗಳನ್ನು ಓದಿದರೆ ಎರಡೂ ಕಡೆಯ ನೋವು ಕಾಣುತ್ತದೆ. ಸಿಸ್ಟರನ್ನು ಬರೀ ಹಟಮಾರಿ ಎಂದು ತಳ್ಳಿಹಾಕುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಆಕೆಯ ಪ್ರಕಾರ ಸಿದ್ಧಾಂತ ಎಂದರೆ ಮನೆಯ ಅಡಿಪಾಯ. ಅದು ಅಲುಗಿದರೆ ಸೇವೆಯ ಗೋಡೆ ಬಹಳ ದಿನ ನಿಲ್ಲದು. ಫುಲ್ಹಮ್‌ನ ಆ ಮನೆಯನ್ನು ನಡೆಸುತ್ತಿದ್ದವರೂ ಇದೇ ಸೂತ್ರಗಳನ್ನು ದಿನಾ ಪಠಿಸುತ್ತಿದ್ದ ಸಿಸ್ಟರುಗಳೇ ಅಲ್ಲವೇ. ಈ ಪ್ರಶ್ನೆಗೆ ರಮಾಬಾಯಿಯ ಕಾಗದಗಳಲ್ಲಿ ನೇರ ಉತ್ತರ ಇಲ್ಲ.

1886ರಲ್ಲಿ ಅಮೆರಿಕಕ್ಕೆ ಹೋದರು. ದೂರದ ಸಂಬಂಧಿ ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವ ಸಮಾರಂಭಕ್ಕೆಂದು ಹೋದವರು ಮೂರು ವರ್ಷದ ಹತ್ತಿರ ಉಳಿದರು. ಮೇಲ್ಜಾತಿಯ ಹಿಂದೂ ಹೆಂಗಸಿನ ಸ್ಥಿತಿಯ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಊರೂರಿಗೆ ಹೋಗಿ ಭಾಷಣ ಮಾಡಿದರು. 1887ರಲ್ಲಿ ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಕೊಡುವುದಾಗಿ ಒಪ್ಪಿತು. ಅದರಲ್ಲಿ ಬೇರೆ ಬೇರೆ ಪಂಗಡದವರಿದ್ದರು. ಶಾಲೆಯಲ್ಲಿ ಮತ ಬೋಧನೆ ಇರುವುದಿಲ್ಲ ಎಂಬುದು ಕರಾರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರು ತಮ್ಮ ಜಾತಿಯ ಆಚಾರ ಇಟ್ಟುಕೊಂಡೇ ಅಲ್ಲಿ ಓದಬಹುದಿತ್ತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಮುಂದೆ 1893ರಲ್ಲಿ ಧೋಂಡೊ ಕೇಶವ ಕರ್ವೆ ಅವರನ್ನು ಮರುಮದುವೆಯಾದರು. ಕರ್ವೆ ಎಂದರೆ ನಂತರ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಕರ್ವೆ.

ಆದರೆ ಸಂಚಾಲಕಿಯೇ ಕ್ರೈಸ್ತರು. ದಿನಾ ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕೂಡತೊಡಗಿದರು. ಸುದ್ದಿ ಹೊರಗೆ ಬಂತು. ತಿಲಕರ ಕೇಸರಿ ಪತ್ರಿಕೆ ಬೆಂಕಿ ಕಾರಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರಕರ ಅವರಂಥ ಹಿರಿಯರೂ 1893ರಲ್ಲಿ ರಾಜೀನಾಮೆ ಕೊಟ್ಟರು. ಇಪ್ಪತ್ತೈದರಷ್ಟು ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು. ನನ್ನ ಕೋಣೆಯಲ್ಲಿ ನನ್ನ ಪ್ರಾರ್ಥನೆ, ಯಾರನ್ನೂ ಕರೆದಿಲ್ಲ, ಬಂದವರನ್ನು ತಡೆಯುವುದಿಲ್ಲ ಎಂಬುದು ರಮಾಬಾಯಿಯ ನಿಲುವು. ಕಾಗದದ ಮೇಲೆ ಇದು ಸರಿಯೇ. ಆದರೆ ಆಶ್ರಯಕ್ಕೆ ಬಂದ ಹದಿನಾಲ್ಕು ವರ್ಷದ ಹುಡುಗಿಗೆ, ಅನ್ನ ಕೊಟ್ಟು ಅಕ್ಷರ ಕಲಿಸಿದ ತಾಯಿಯಂಥವರ ಕೋಣೆಯ ತೆರೆದ ಬಾಗಿಲು ಒಂದು ಕರೆಯೇ ಆಗುತ್ತದೆ. ರಾನಡೆಯವರಂಥ ಮೆದು ಮನಸ್ಸಿನವರು ಹಿಂದೆ ಸರಿದದ್ದಕ್ಕೆ ಅವರದೇ ಕಾರಣ ಇತ್ತು. ಅದೇ ಹೊತ್ತಿಗೆ, ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಮನೆಯಲ್ಲಿ ಮತ್ತೆ ಎಂಥ ಬದುಕು ಕಾದಿತ್ತು ಎಂಬುದನ್ನು ಆ ಪತ್ರಿಕೆಗಳು ಕೇಳಲಿಲ್ಲ ಎಂಬುದೂ ಗಮನಿಸಬೇಕಾದ ಮಾತು.

ಈ ನಡುವೆ ರಮಾಬಾಯಿಯ ಒಳಗೂ ಒಂದು ಬದಲಾವಣೆ ಆಗಿತ್ತು. ದೀಕ್ಷೆ ಪಡೆದು ಎಂಟು ವರ್ಷವಾದರೂ ತಮಗೆ ದೊರೆತದ್ದು ಕ್ರಿಸ್ತನ ಮತ ಮಾತ್ರ, ಕ್ರಿಸ್ತನು ದೊರೆತಿರಲಿಲ್ಲ ಎಂದು 1891ರ ಸುಮಾರಿಗೆ ಅನಿಸಿತೆಂದು ಅವರು ಬರೆದಿದ್ದಾರೆ. ಆಮೇಲೆ ಅವರ ಭಕ್ತಿಯಲ್ಲಿ ಅನುಮಾನ ಕಡಿಮೆಯಾಯಿತು, ಬೈಬಲಿನ ಮಾತಿಗೆ ಗಟ್ಟಿಯಾಗಿ ಅಂಟಿಕೊಂಡರು. ವಾಂಟೇಜಿನಲ್ಲಿ ಎಲ್ಲವನ್ನೂ ಪ್ರಶ್ನೆ ಮಾಡುತ್ತಿದ್ದವರು ಹೀಗಾದದ್ದು ಕೆಲವು ಓದುಗರಿಗೆ ನಿರಾಶೆ ತರಬಹುದು. ಆದರೆ ಯಾವ ಸಭೆಯ ಕೈಕೆಳಗೂ ಅವರು ಹೋಗಲಿಲ್ಲ. ಯಾವ ಪಂಗಡದವರು ಸಹಾಯಕ್ಕೆ ಬಂದರೂ ಜಾಗ ಕೊಟ್ಟರು, ಯಾರಿಗೂ ಯಜಮಾನಿಕೆ ಕೊಡಲಿಲ್ಲ.

1896ರಲ್ಲಿ ಮಧ್ಯ ಪ್ರಾಂತದಲ್ಲಿ ಭಾರಿ ಬರ ಬಿದ್ದಿತು. ಸುದ್ದಿ ಓದಿದ ರಮಾಬಾಯಿಗೆ 1874ರ ಕಾಡು, ಎಲೆ, ಚಟ್ಟ ನೆನಪಿಗೆ ಬಂದವು. ಹಣ ಇರಲಿಲ್ಲ, ಜಾಗ ಇರಲಿಲ್ಲ, ಹೊರಟೇ ಬಿಟ್ಟರು. ಬರ ಪರಿಹಾರದ ಕ್ಯಾಂಪುಗಳಲ್ಲಿ ಎಲುಬಿನ ಗೂಡಾದ ಹುಡುಗಿಯರನ್ನು ಕಂಡರು. ಅಂಥವರನ್ನು ಹಿಡಿದು ಮಾರುವ ದಲ್ಲಾಳಿಗಳನ್ನೂ ಕಂಡರು. ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗ್. ಊರೊಳಗೆ ಇಷ್ಟು ಜನರನ್ನು ಇಡಲು ಸರಕಾರ ಬಿಡಲಿಲ್ಲ. ಹಣ್ಣಿನ ತೋಟ ಮಾಡಿ ಸದನದ ಖರ್ಚು ತೂಗಿಸಬೇಕೆಂದು ಕೇಡಗಾಂವದಲ್ಲಿ ಮೊದಲೇ ಸುಮಾರು ನೂರು ಎಕರೆ ಹೊಲ ಕೊಂಡಿದ್ದರು. ಅಲ್ಲಿಗೆ ಎಲ್ಲರನ್ನೂ ಸಾಗಿಸಿ ಡೇರೆ ಹಾಕಿದರು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. ಇದೇ 1897ರಲ್ಲಿ ಪುಣೆಯ ಸರಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲವೆಂದು ಪತ್ರಿಕೆಗೆ ಬಹಿರಂಗವಾಗಿ ಬರೆದರು. ಕ್ರೈಸ್ತರಾದವರು ಕ್ರೈಸ್ತ ದೊರೆಗಳ ಸರಕಾರವನ್ನು ಬೈಯಬಾರದು ಎಂಬ ಲೆಕ್ಕ ಅವರಿಗೆ ಇರಲಿಲ್ಲ.

ಬಂದ ಹುಡುಗಿಯರು ಸುಲಭದವರಾಗಿರಲಿಲ್ಲ. ಹಸಿವು ಅವರಿಗೆ ಕಸಿದು ತಿನ್ನುವುದನ್ನೂ ಕದ್ದು ಬಚ್ಚಿಡುವುದನ್ನೂ ಕಲಿಸಿತ್ತು. ಮೈತುಂಬ ಹುಣ್ಣು, ತಲೆತುಂಬ ಹೇನು. ತೊಳೆಯಬೇಕು, ತಿನ್ನಿಸಬೇಕು, ರಾತ್ರಿ ಹೆದರಿ ಚೀರಿದರೆ ಹತ್ತಿರ ಕೂಡಬೇಕು. ಶಾರದಾ ಸದನದ ಬ್ರಾಹ್ಮಣ ವಿಧವೆಯರೇ ಈಗ ಹಳ್ಳಿಯ ಬೇರೆ ಬೇರೆ ಜಾತಿಯ ಈ ಮಕ್ಕಳಿಗೆ ಅಕ್ಕಂದಿರಾದರು. ಮಡಿಯ ಪ್ರಶ್ನೆಯನ್ನು ಯಾವ ಭಾಷಣವೂ ಇಷ್ಟು ಬೇಗ ಬಗೆಹರಿಸುತ್ತಿರಲಿಲ್ಲವೇನೋ. 1900ರಲ್ಲಿ ಗುಜರಾತದಲ್ಲಿ ಬರ ಬಂದಾಗ ಅಲ್ಲಿಂದಲೂ ನೂರಾರು ಮಕ್ಕಳನ್ನು ತಂದರು. ಆಗ ಮುಕ್ತಿಯಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಬಾವಿಗಳನ್ನು ತೋಡಿಸಿದರು, ಮಗ್ಗ ಹೂಡಿದರು. ಹೊಲಗೆಲಸ, ಹೈನು, ಎಣ್ಣೆ ಗಾಣ, ಛಾಪಖಾನೆ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡು ಹುಡುಗಿಯರಿಗೆ ಬೇರೆ ವಿಭಾಗ. ಕೆಟ್ಟವರೆಂದು ಊರು ಹೊರಗೆ ಹಾಕಿದ ಹೆಂಗಸರಿಗೆ ಕೃಪಾ ಸದನ. ಫುಲ್ಹಮ್‌ನಲ್ಲಿ ಕಂಡದ್ದು ಇಲ್ಲಿ ಮಹಾರಾಷ್ಟ್ರದ ಬಯಲಿನಲ್ಲಿ ಎದ್ದು ನಿಂತಿತು. ಸೊನ್ನಲಿಗೆಯ ಸಿದ್ಧರಾಮರು ಭಕ್ತಿಯೆಂದು ಕೆರೆ ಕಟ್ಟಿಸಿದ ನೆಲದ ನಮ್ಮವರಿಗೆ, ಬಾವಿ ತೋಡುವುದು ದೇವರ ಕೆಲಸ ಹೇಗಾಗುತ್ತದೆ ಎಂದು ತಿಳಿಯುವುದು ಕಷ್ಟವಿಲ್ಲ.

ಅಮೆರಿಕದ ಹತ್ತು ವರ್ಷದ ಕರಾರು ಮುಗಿದಿತ್ತು. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಅಲ್ಲಿ ಬೆಳೆದ ಮಕ್ಕಳಲ್ಲಿ ಬಹಳ ಮಂದಿ ಕ್ರೈಸ್ತರಾದರು. ಹಸಿದವರನ್ನು ಮತಕ್ಕೆ ಸೇರಿಸಿಕೊಂಡರು ಎಂಬ ಆಕ್ಷೇಪ ಆಗಲೂ ಇತ್ತು, ಇವತ್ತಿಗೂ ಇದೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆ ಬರದಲ್ಲಿ ಅವರನ್ನು ಎತ್ತಿಕೊಳ್ಳಲು ಎಷ್ಟು ಜನ ಕ್ಯೂ ನಿಂತಿದ್ದರು ಎಂಬ ಮರುಪ್ರಶ್ನೆಯನ್ನೂ ಮುಚ್ಚಿಡಬಾರದು. ಎರಡನ್ನೂ ಓದುಗರ ಮುಂದೆ ಇಟ್ಟಿದ್ದೇನೆ.

1905ರ ಜೂನ್ ತಿಂಗಳಿನಲ್ಲಿ ಮುಕ್ತಿಯ ಹುಡುಗಿಯರು ಒಮ್ಮೆಲೇ ಎಲ್ಲರೂ ಗಟ್ಟಿಯಾಗಿ ಪ್ರಾರ್ಥನೆ ಮಾಡುವುದು, ಅಳುವುದು, ಕೈ ತಟ್ಟುವುದು ಶುರುವಾಯಿತು. ಸಭ್ಯ ಪ್ರಾರ್ಥನೆಗೆ ಒಗ್ಗಿದ ಪಾದ್ರಿಗಳು ಇದೇನು ಗದ್ದಲ ಎಂದು ಮೂಗು ಮುರಿದರು. ಈ ದೇಶದ ಜನ ತಮ್ಮ ಭಾವ ತಮ್ಮ ರೀತಿಯಲ್ಲಿ ತೋರಿಸಿದರೆ ತಪ್ಪೇನು, ಇಂಗ್ಲಿಷರ ಹಾಗೆ ಬಿಗಿದುಕೊಂಡೇ ಕೂಡಬೇಕೇ ಎಂಬ ಅರ್ಥದಲ್ಲಿ ರಮಾಬಾಯಿ ಹುಡುಗಿಯರ ಪರ ನಿಂತರು. ಜಾತ್ರೆಯಲ್ಲಿ, ಭಜನೆಯಲ್ಲಿ, ಉರುಸಿನಲ್ಲಿ ಕೊರಳೆತ್ತಿ ಹಾಡುವ ಜನಕ್ಕೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಕಾಣಲಿಕ್ಕಿಲ್ಲ.

ಮಗಳು ಮನೋರಮಾ ಬೆಳೆದು ತಾಯಿಯ ಬಲಗೈಯಾದರು. 1912ರಲ್ಲಿ ಅವರು ಆಗ ನಿಜಾಮರ ರಾಜ್ಯದಲ್ಲಿದ್ದ ಕಲಬುರಗಿಯಲ್ಲಿ ಕ್ರೈಸ್ತ ಹೈಸ್ಕೂಲ್ ತೆರೆದರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕುಟುಂಬದ ಕೆಲಸ ಹೀಗೆ ಮತ್ತೆ ಕನ್ನಡದ ನೆಲಕ್ಕೆ ಬಂತು.

ಇನ್ನು ಆ ಸಂಸ್ಕೃತ ಬೈಬಲಿನ ವಿಷಯ. ಮರಾಠಿಯಲ್ಲಿ ಆಗಲೇ ಬೈಬಲ್ ಇತ್ತು. ಆದರೆ ಅದರ ಭಾಷೆ ಸಂಸ್ಕೃತ ಶಬ್ದಗಳಿಂದ ಭಾರವಾಗಿದೆ, ಮುಕ್ತಿಯ ಹಳ್ಳಿ ಹುಡುಗಿಯರಿಗೆ ಅದು ಹತ್ತುವುದಿಲ್ಲ ಎಂದು ರಮಾಬಾಯಿಗೆ ಅನಿಸಿತು. ಆ ಶಬ್ದಗಳ ಬೆನ್ನಿಗೆ ಹಳೆಯ ಶಾಸ್ತ್ರಗಳ ಅರ್ಥವೂ ಬರುತ್ತದೆ ಎಂಬುದು ಅವರ ಇನ್ನೊಂದು ತಕರಾರು. ನಲವತ್ತೈದು ದಾಟಿದ ವಯಸ್ಸಿನಲ್ಲಿ, ಮಂದ ಕಿವಿಯಲ್ಲಿ, ಸಾವಿರಾರು ಮಕ್ಕಳ ಊಟದ ಲೆಕ್ಕದ ನಡುವೆ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಅನುವಾದಕ್ಕೆ ಕೂತರು. ಇಡೀ ಬೈಬಲನ್ನು ಸಾದಾ ಮರಾಠಿಗೆ ತರಲು ಬಾಳಿನ ಕೊನೆಯ ಹದಿನೈದು ವರ್ಷಕ್ಕೂ ಮೇಲೆ ಹಿಡಿಯಿತು. ಸಂಸ್ಕೃತವೇ ಉಸಿರಾಗಿದ್ದವರು ಒಂದೊಂದು ಸಂಸ್ಕೃತ ಶಬ್ದವನ್ನೂ ಹುಡುಕಿ ಹುಡುಕಿ ಹೊರಗೆ ಹಾಕಿದರು. ಶಿಲುಬೆಯ ಮೇಲೆ ಸಂಸ್ಕೃತ ಇರಲಿ ಎಂದು ಹಟ ಹಿಡಿದವರಿಗೆ, ಕೇಡಗಾಂವದ ಹುಡುಗಿಯರ ಪಾಲಿಗೆ ಸಂಸ್ಕೃತವೂ ಒಂದು ಲ್ಯಾಟಿನ್ನೇ ಎಂದು ಗೊತ್ತಾಗಿತ್ತು. ಚರ್ಚುಗಳಲ್ಲಿ ಹಳೆಯ ಅನುವಾದವೇ ಮುಂದುವರಿಯಿತು, ಇವರದು ಅದರ ಜಾಗ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು.

1921ರ ಜುಲೈ 24ರಂದು ಮನೋರಮಾ ತೀರಿಕೊಂಡರು, ಅವರಿಗೆ ನಲವತ್ತು ವರ್ಷ. ತಾಯಿ ಮಗಳನ್ನು ಮಣ್ಣು ಮಾಡಿ ಬಂದು ಮತ್ತೆ ಅನುವಾದದ ಹಾಳೆಗಳ ಮುಂದೆ ಕೂತರು. ಕೆಲಸ ಮುಗಿಯುವ ಹೊತ್ತಿಗೆ, 1922ರ ಏಪ್ರಿಲ್ 5ರಂದು, ಅವರೂ ಹೋದರು. ಬೈಬಲ್ ಪೂರ್ತಿಯಾಗಿ 1924ರಲ್ಲಿ ಮುಕ್ತಿಯ ಛಾಪಖಾನೆಯಿಂದ ಹೊರಬಂತು. ಅದರ ಅಚ್ಚುಮೊಳೆ ಜೋಡಿಸಿದವರು, ಹಾಳೆ ಮಡಚಿ ಹೊಲಿದವರು ಮುಕ್ತಿಯ ಹೆಂಗಸರೇ. ಕೇಡಗಾಂವಕ್ಕೆ ಬಂದ ದಿನ ಅವರಲ್ಲಿ ಹೆಚ್ಚಿನವರಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ.